ಇಪ್ಪತ್ತೇಳನೆಯ ಹಟ್ಟಿ

ಮೂರ್ತಪ್ಪ ಗುರುತು ಹಿಡಿಯಲಿಲ್ಲ. ಇಪ್ಪತ್ತು ವರ್ಷ ಹಲ್ಲು ಕಚ್ಚಿ ಕಾದು, ಸಮುದ್ರ ದಾಟಿ ಬಂದ ಜಂಪಣ್ಣನಿಗೆ ಚಿತ್ರದುರ್ಗದಲ್ಲಿ ಬಿದ್ದ ಮೊದಲ ಪೆಟ್ಟು ಅದೇ.

ಎಪ್ಪತ್ನಾಲ್ಕನೆಯ ಇಸವಿಯ ನವೆಂಬರ್ ತಿಂಗಳು. ಪ್ರವಾಸಿ ಮಂದಿರದ ವರಾಂಡದಲ್ಲಿ ಬೆತ್ತದ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಜಿಲ್ಲೆಯ ಕುರಿಗಾರರಿಗೆ ಉಣ್ಣೆ ಸಂಗ್ರಹದ ಕೇಂದ್ರಗಳು, ಕಂಬಳಿ ನೇಯುವವರಿಗೆ ಹೊಸ ಮಗ್ಗಗಳು, ಹೀಗೊಂದು ದೊಡ್ಡ ಯೋಜನೆಗೆ ನೆರವಾಗಲು ಹೊರದೇಶದ ಸಂಸ್ಥೆಯೊಂದು ಮುಂದೆ ಬಂದಿತ್ತು. ಒಪ್ಪಿಗೆ ಕೊಡುವ ಮೊದಲು ಎಲ್ಲವನ್ನೂ ನೋಡಿಕೊಂಡು ಬರಲು ಅದು ಕಳಿಸಿದ ಅರ್ಥಶಾಸ್ತ್ರಜ್ಞ, ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ಪ್ರೊಫೆಸರ್, ಡಾಕ್ಟರ್ ಜೆ. ಡಿ. ತಿಮ್ಮಪ್ಪ. ಆ ಹೆಸರಿನ ಹಿಂದೆ ಇರುವವನು ಹೊಳಲ್ಕೆರೆ ತಾಲ್ಲೂಕಿನ ಬಂಡೆಹಟ್ಟಿಯ ಕುರಿಗಾರ ದೊಡ್ಡತಿಮ್ಮಪ್ಪನ ಮಗ ಜಂಪಣ್ಣ ಎಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಯಬಾರದೆಂದೇ ಅವನು ಹೆಸರನ್ನು ಹಾಗೆ ಬರೆಸಿದ್ದ. ಈ ಕೆಲಸ ತನ್ನ ಪಾಲಿಗೆ ಬರಲೆಂದು ಮೂರು ವರ್ಷದಿಂದ ಬೇರೆ ದೇಶಗಳ ಕೆಲಸಗಳನ್ನೆಲ್ಲ ಒಲ್ಲೆ ಎಂದಿದ್ದ.

ಯೋಜನೆಯ ಸಲಹಾ ಸಮಿತಿಗೆ ಮೂರ್ತಪ್ಪನೇ ಅಧ್ಯಕ್ಷ. ಅರವತ್ತರ ಹತ್ತಿರದ ವಯಸ್ಸು, ಬಿಳಿ ಕಚ್ಚೆಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಅದೇ ಮೆತ್ತಗಿನ ದನಿ.

"ಬರ್ರಿ ಡಾಕ್ಟ್ರೇ, ಕುಂತ್ಕಳ್ರಿ. ನಮ್ಮ ಕಡೆಯೋರು ಅಷ್ಟು ದೂರ ಹೋಗಿ ಹೆಸರು ಮಾಡೀರಿ ಅಂದ್ರೆ ನಮಗೂ ಹೆಮ್ಮೆ. ಯಾವೂರು ನಿಮ್ದು?"

ಹೊಳಲ್ಕೆರೆ ಕಡೆ ಎಂದ ಜಂಪಣ್ಣ. ಮೂರ್ತಪ್ಪ ತಲೆಯಾಡಿಸಿದ, ಮುಂದೆ ಕೇಳಲಿಲ್ಲ. ಚೀಲದಿಂದ ತನ್ನ ಪುಸ್ತಕ ತೆಗೆದು, ಮೊದಲ ಪುಟದಲ್ಲಿ 'ವಿಶ್ವಾಸಪೂರ್ವಕವಾಗಿ' ಎಂದು ಬರೆದು ರುಜು ಹಾಕಿ ಕೈಗಿತ್ತ. 'ಬಯಲುಸೀಮೆಯ ಕುರಿ ಮತ್ತು ಕಂಬಳಿ', ಮೂರನೆಯ ಮುದ್ರಣ. ಯೋಜನೆಯ ಎಲ್ಲ ಲೆಕ್ಕಾಚಾರವೂ ಈ ಪುಸ್ತಕದ ಮೇಲೇ ನಿಂತಿದೆ ಎಂದು ತಹಸೀಲ್ದಾರರು ಹೇಳಿದರು. ಜಂಪಣ್ಣ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ. ಅದರ ಒಂದೊಂದು ಅಂಕಿಯೂ ತನ್ನ ಕಾಲಿನ ಸವೆತದಿಂದ ಬಂದದ್ದೆಂದು ಅವನಿಗೆ ಗೊತ್ತಿತ್ತು. ತನ್ನನ್ನು ಹಾಳು ಮಾಡಿದವನಿಗೆ ತನ್ನ ಮುಖವೇ ನೆನಪಿಲ್ಲವೆಂದರೆ, ನೆನಪು ಬರುವ ಹಾಗೆ ಮಾಡಬೇಕು ಎಂದುಕೊಂಡ.

ಐವತ್ಮೂರರಲ್ಲಿ ಅವನಿಗೆ ಇಪ್ಪತ್ಮೂರು. ಹಟ್ಟಿಯಲ್ಲಿ ಬಿ.ಎ. ಮುಗಿಸಿದ ಮೊದಲಿಗ. ಮೂರ್ತಪ್ಪ ಆಗ ಅರ್ಥಶಾಸ್ತ್ರದ ಮೇಷ್ಟ್ರು. ಕೋಟೆಯ ಕೆಳಗಿನ ಬೀದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ತನ್ನದೇ ಒಂದು ಗ್ರಾಮ ಅಧ್ಯಯನ ಕೇಂದ್ರ ನಡೆಸುತ್ತಿದ್ದ. ಕುರಿಗಾರರ ಬದುಕಿನ ಮೇಲೆ ಇಬ್ಬರೂ ಸೇರಿ ಪುಸ್ತಕ ಬರೆಯೋಣ, ನಿನ್ನ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇರುತ್ತದೆ, ಆಮೇಲೆ ಎಂ.ಎ.ಗೆ ನಾನೇ ದಾರಿ ಮಾಡಿಕೊಡುತ್ತೇನೆ ಎಂದು ನಂಬಿಸಿದ.

ಜಂಪಣ್ಣ ಹದಿನಾಲ್ಕು ತಿಂಗಳು ನಡೆದ. ತುರುವನೂರು, ಭರಮಸಾಗರ, ಅಲ್ಲಿಂದ ಹಿರಿಯೂರು, ಹೊಸದುರ್ಗ. ಕುರಿಮಂದೆಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ. ಈ ವರ್ಷ ಎಷ್ಟು ಮರಿ ಸತ್ತವು, ಉಣ್ಣೆ ಕತ್ತರಿಸಿದ್ದು ಯಾವಾಗ, ನೂತವರು ಯಾರು, ಸಂತೆಗೆ ಒಯ್ದವರು ಯಾರು ಎಂದು ಮನೆಮನೆಗೂ ಕೇಳಿ ಬರೆದುಕೊಂಡ. ಕಂದಾಯದವನು ಬಂದನೆಂದು ಮೊದಮೊದಲು ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ದೊಡ್ಡತಿಮ್ಮಪ್ಪನ ಮಗ ಎಂದ ಮೇಲೆ ಅಂಬಲಿ ಕೊಟ್ಟು ಕೂರಿಸುತ್ತಿದ್ದರು. ಹೀಗೆ ಇಪ್ಪತ್ತಾರು ಹಟ್ಟಿ ಮುಗಿದವು. ಇಪ್ಪತ್ತೇಳನೆಯದೊಂದು ಬಾಕಿ ಇರುವಾಗ ಹೊಸದುರ್ಗದಲ್ಲಿ ಚಳಿಜ್ವರ ಹಿಡಿಯಿತು. ಯಾರೋ ಗಾಡಿಯಲ್ಲಿ ಮಲಗಿಸಿ ಬಂಡೆಹಟ್ಟಿಗೆ ತಂದು ಬಿಟ್ಟರು. ಹತ್ತು ದಿನದಲ್ಲಿ ಎಲ್ಲ ಮುಗಿಸಿ ತರಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮೂರ್ತಪ್ಪ ಹೇಳಿಕಳಿಸಿದ.

ಆ ಜ್ವರದಲ್ಲಿ ಮೂರು ಕಂಬಳಿ ಹೊದ್ದು ನಡುಗುತ್ತಲೇ ಜಂಪಣ್ಣ ಇಪ್ಪತ್ತೇಳನೆಯ ಹಟ್ಟಿಯನ್ನು ತಲೆಯಿಂದಲೇ ಕಟ್ಟಿದ. ಹೊಸದುರ್ಗದ ಆಚೆ ಮಾರಿಕಣಿವೆಯ ಹಿನ್ನೀರಿನ ದಂಡೆಯಲ್ಲಿ ಹದಿನೆಂಟು ಮನೆಗಳನ್ನು ಇಟ್ಟ. ತಾನು ಒಂಬತ್ತು ವರ್ಷದವನಿದ್ದಾಗ ತೀರಿಕೊಂಡ ಅವ್ವನ ಹೆಸರಿಟ್ಟು ಈರಕ್ಕನಹಟ್ಟಿ ಎಂದು ಕರೆದ. ಮನೆಗಳ ಯಜಮಾನರೆಲ್ಲ ಸತ್ತುಹೋದ ನೆಂಟರು. ಆ ಹಟ್ಟಿಯಲ್ಲಿ ಉಣ್ಣೆಯ ಉಸ್ತುವಾರಿ ಹೆಂಗಸರದು, ಬೆಲೆ ಬಿದ್ದಾಗ ಮಾರದೆ ಕಂಬಳಿ ನೇಯುತ್ತಾರೆ, ಹಾಗಾಗಿ ಎರಡು ಬರ ಬಂದರೂ ಒಂದು ಹೆಣ್ಣುಕುರಿಯನ್ನೂ ಮಾರಿಲ್ಲ ಎಂದು ಬರೆದ. ಅವ್ವ ಬದುಕಿದ್ದಾಗ ಹೀಗೆ ಮಾಡಬೇಕು ಎನ್ನುತ್ತಿದ್ದಳು, ಯಾರೂ ಕೇಳಿರಲಿಲ್ಲ. ಕೊನೆಯ ಅಂಕಣದಲ್ಲಿ, ಹಟ್ಟಿಯ ಹಿರಿಯ ಹೆಂಗಸು ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ ಎಂದೂ ಸೇರಿಸಿ, ಎಲ್ಲದರ ಪ್ರತಿ ಮಾಡಿ ಮೂರ್ತಪ್ಪನಿಗೆ ಕಳಿಸಿದ. ಮೈ ಸುಧಾರಿಸಿದ ಮೇಲೆ ನಿಜ ಹೇಳಿ, ಬೇರೊಂದು ಹಟ್ಟಿಗೆ ಹೋಗಿ ಬಂದು ತಿದ್ದಿದರಾಯಿತು ಎಂದುಕೊಂಡಿದ್ದ.

ತಿದ್ದುವ ಮೊದಲೇ ಪುಸ್ತಕ ಬಂತು. ರಟ್ಟಿನ ಮೇಲೆ ಒಂದೇ ಹೆಸರು. ಮುನ್ನುಡಿಯಲ್ಲಿ ಮುದ್ರಕನಿಗೂ ಕೃತಜ್ಞತೆ ಇತ್ತು, ಜಂಪಣ್ಣನಿಗಿರಲಿಲ್ಲ. ನೂರಾ ಹನ್ನೊಂದನೆಯ ಪುಟದಲ್ಲಿ ಮೂರ್ತಪ್ಪ ಬರೆದಿದ್ದ: 'ಈರಕ್ಕನಹಟ್ಟಿಯಲ್ಲಿ ನಾನು ಮೂರು ದಿನ ತಂಗಿದ್ದೆ. ಆ ಹಿರಿಯ ತಾಯಿ ತನ್ನ ಕೈಯಾರೆ ಮುದ್ದೆ ಬಡಿಸಿದ್ದನ್ನು ಎಂದಿಗೂ ಮರೆಯಲಾರೆ.' ಸತ್ತು ಹದಿನೈದು ವರ್ಷವಾಗಿದ್ದ ಅವ್ವನ ಕೈಯಿಂದ ಈ ಮನುಷ್ಯ ಮುದ್ದೆ ತಿಂದಿದ್ದ.

ಜಂಪಣ್ಣ ಹೋಗಿ ಕೇಳಿದ. ಮೂರ್ತಪ್ಪ ಕೋಪ ಮಾಡಿಕೊಳ್ಳಲಿಲ್ಲ. ಕಿಟಕಿಯಾಚೆಗಿನ ಕೋಟೆ ತೋರಿಸಿ, "ಕಲ್ಲು ಹೊತ್ತೋರ ಹೆಸರನ್ನೆಲ್ಲ ಕೋಟೆ ಮೇಲೆ ಕೆತ್ತಾಕಾಗುತ್ತೇನಪ್ಪ?" ಎಂದ. ಪತ್ರಿಕೆಗೆ ಬರೆಯುತ್ತೇನೆ ಎಂದು ಜಂಪಣ್ಣ ಹೊರಟು ಬಂದ. ಮೂರನೆಯ ದಿನ ಅಧ್ಯಯನ ಕೇಂದ್ರದ ಟೈಪ್‌ರೈಟರ್ ಕಳುವಾಗಿದೆ, ಕದ್ದವನು ಜಂಪಣ್ಣ ಎಂದು ಪೊಲೀಸರಿಗೆ ದೂರು ಹೋಯಿತು. ಅವನು ಆ ದಿನ ದಾವಣಗೆರೆಯಲ್ಲಿದ್ದ. ಮಗ ಸಿಗದಿದ್ದಕ್ಕೆ ಅಪ್ಪನನ್ನು ಕರೆದೊಯ್ದು ಎರಡು ದಿನ ಠಾಣೆಯ ಜಗಲಿಯಲ್ಲಿ ಕೂರಿಸಿದರು. ದೊಡ್ಡತಿಮ್ಮಪ್ಪ ಬಂಡೆಹಟ್ಟಿಯ ಯಜಮಾನ. ಯಾರ ಮನೆಯ ನ್ಯಾಯವಾದರೂ ಕಟ್ಟೆಯ ಮೇಲೆ ಕೂತು ಬಗೆಹರಿಸುತ್ತಿದ್ದವನು. ಠಾಣೆಯಿಂದ ಬಂದು ಕಟ್ಟೆ ಹತ್ತಿದಾಗ, ಕಳ್ಳನ ಅಪ್ಪ ಇಲ್ಲಿ ಕೂರುವಂತಿಲ್ಲ ಎಂದು ಹಟ್ಟಿಯವರು ಎಬ್ಬಿಸಿದರು. ಜಂಪಣ್ಣ ಮನೆಗೆ ಬಂದರೆ ಹಿಡಿಯುತ್ತಾರೆಂದು ಅಕ್ಕ ಹೊನ್ನಕ್ಕ ಬಟ್ಟೆ, ಕಚ್ಚಾ ಪುಸ್ತಕಗಳಿದ್ದ ಟ್ರಂಕನ್ನು ಯಾರದೋ ಕೈಯಲ್ಲಿ ದಾವಣಗೆರೆಗೆ ಕಳಿಸಿದಳು. ಅವನು ಅಲ್ಲಿಂದಲೇ ಮುಂಬಯಿಗೆ ಹೋದ.

ಬಂದರಿನಲ್ಲಿ ಎರಡು ವರ್ಷ ಮೂಟೆ ಎಣಿಸಿದ. ಐವತ್ತಾರರಲ್ಲಿ ಹಡಗು ಹತ್ತಿ ಉಣ್ಣೆ ಗಿರಣಿಗಳ ಊರಾದ ಬ್ರಾಡ್‌ಫರ್ಡ್‌ಗೆ ಹೋಗಿ ಇಳಿದ. ಬಾಡಿಗೆಗೆ ಕೋಣೆ ಕೇಳಿದರೆ ಮುಖ ನೋಡಿ ಬಾಗಿಲು ಹಾಕುವ ಊರು. ಗಿರಣಿಯಲ್ಲಿ ಮಾತ್ರ ಅವನ ಬೆರಳು ಉಳಿಸಿತು. ಕಣ್ಣು ಮುಚ್ಚಿ ಮುಟ್ಟಿದರೆ ಯಾವುದು ಮರಿಯ ಉಣ್ಣೆ, ಯಾವುದು ಕಾಯಿಲೆ ಬಿದ್ದ ಕುರಿಯದು ಎಂದು ಹೇಳುತ್ತಿದ್ದ. ಹಗಲು ಉಣ್ಣೆ ವಿಂಗಡಿಸಿ, ಸಂಜೆ ತರಗತಿಗೆ ಹೋಗಿ, ಮತ್ತೆ ಮೊದಲಿನಿಂದ ಪದವಿ ಮಾಡಿದ. ಆಮೇಲೆ ಸಂಶೋಧನೆ. ಟ್ರಂಕಿನಲ್ಲಿದ್ದ ಹನ್ನೊಂದು ಕಚ್ಚಾ ಪುಸ್ತಕಗಳೇ ಅವನ ಬಂಡವಾಳ.

ಮಾರ್ಗದರ್ಶಕನಾಗಿದ್ದ ಮುದಿ ಪ್ರೊಫೆಸರ್ ಕೋಷ್ಟಕಗಳನ್ನು ನೋಡುತ್ತ ಬಂದ. ಇಪ್ಪತ್ತಾರು ಹಟ್ಟಿಗಳ ಅಂಕಿಗಳು ಒಂದಕ್ಕೊಂದು ಹೊಂದದೆ ಚೆಲ್ಲಾಪಿಲ್ಲಿಯಾಗಿದ್ದವು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ನಿನ್ನ ಪ್ರಬಂಧ ಇಲ್ಲಿದೆ, ಈ ಒಂದು ಹಟ್ಟಿ ಬರವನ್ನು ಹೇಗೆ ಗೆದ್ದಿತೆಂದು ವಿವರಿಸು ಎಂದ. ಅದು ಈರಕ್ಕನಹಟ್ಟಿ. ಜಂಪಣ್ಣ ನಿಜ ಹೇಳಲು ಬಾಯಿ ತೆರೆದ. ಹೊರಗೆ ಗಿರಣಿಯ ಪಾಳಿ ಬಿಡುವ ಕೂಗು ಕೇಳಿತು. ಬಾಯಿ ಮುಚ್ಚಿಕೊಂಡ. ಅರವತ್ಮೂರರಲ್ಲಿ ಆ ಲೇಖನ ಅಚ್ಚಾಯಿತು. ಕೆಲಸ, ಹೆಸರು, ಎಪ್ಪತ್ತೊಂದರಲ್ಲಿ ಪ್ರೊಫೆಸರ್ ಪದವಿ, ಎಲ್ಲ ಅದರಿಂದಲೇ ಬಂದವು. ಮೂರ್ತಪ್ಪ ಮಾಡಿದ್ದನ್ನೇ ತಾನೂ ಮಾಡಿದ್ದೇನೆಂಬುದು ಅವನಿಗೆ ತಿಳಿಯದೇನಿರಲಿಲ್ಲ. ಅದು ನೆನಪಾದಾಗಲೆಲ್ಲ ಮೂರ್ತಪ್ಪನ ಮೇಲಿನ ಸಿಟ್ಟೇ ಇಮ್ಮಡಿಯಾಗುತ್ತಿತ್ತು.

ಪ್ರವಾಸಿ ಮಂದಿರದಲ್ಲಿ ಎರಡು ದಿನ ಕಡತ ನೋಡಿದ ಮೇಲೆ ಅವನು ಬಂಡೆಹಟ್ಟಿಗೆ ಹೋದ. ಹೊನ್ನಕ್ಕ ಗಂಡ ತೀರಿಕೊಂಡ ಮೇಲೆ ತವರಿಗೇ ಬಂದು, ಅಪ್ಪನ ಕುರಿಗಳನ್ನು ನೋಡಿಕೊಂಡಿದ್ದಳು. ಕೋಟು ಹಾಕಿದ ತಮ್ಮನನ್ನು ಬಾಗಿಲಲ್ಲಿ ನೋಡಿ ಅಳಲಿಲ್ಲ. ಕೈಯಲ್ಲಿದ್ದ ಕದಿರನ್ನು ಪಕ್ಕಕ್ಕಿಟ್ಟು, ಕಾಲಿಗೆ ನೀರು ಕೊಟ್ಟು, ಊಟಕ್ಕಿಟ್ಟಳು. ಉಣ್ಣುವಾಗ ಅಪ್ಪನ ವಿಷಯ ಹೇಳಿದಳು. ಕಟ್ಟೆಯಿಂದ ಎಬ್ಬಿಸಿದ ಮೇಲೆ ಆರು ವರ್ಷ ಬದುಕಿದ್ದನಂತೆ. ಪಂಚಾಯಿತಿ ಕೂಡಿದಾಗಲೆಲ್ಲ ಹೋಗಿ ಕಟ್ಟೆಯ ಕೆಳಗೆ ಕೋಲೂರಿ ನಿಲ್ಲುತ್ತಿದ್ದನಂತೆ. ಕೂತುಕೋ ಎಂದು ಯಾರೂ ಕರೆಯಲಿಲ್ಲ, ಅವನೂ ಕೇಳಲಿಲ್ಲ.

"ನಿನ್ನ ಮ್ಯಾಲೆ ಸಿಟ್ಟಿತ್ತಾ ಅಂತ ಕೇಳಬ್ಯಾಡ," ಎಂದಳು ಹೊನ್ನಕ್ಕ. "ನಿನ್ನ ಹೆಸರೇ ಎತ್ತುತಿರಲಿಲ್ಲ."

ಜಂಪಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತಾನು ಯಾಕೆ ಬಂದಿದ್ದೇನೆ, ಏನು ಮಾಡಲಿದ್ದೇನೆ ಎಂದು ಹೇಳಿದ. ಇಲ್ಲದ ಹಟ್ಟಿಯ ವಿಷಯವನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಮುಂದೆ ಬಾಯಿ ಬಿಟ್ಟ. ಹೊನ್ನಕ್ಕ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಆಮೇಲೆ, ಅವ್ವನ ಹೆಸರಲ್ಲಿ ಸುಳ್ಳು ಬರೆದೆಯಾ ಎಂದಷ್ಟೇ ಕೇಳಿದಳು.

ಮಾರನೆಯ ವಾರ ಹಳ್ಳಿಗಳ ಭೇಟಿ. ಹೋಗಬೇಕಾದ ಊರುಗಳ ಪಟ್ಟಿಯ ಕೊನೆಯಲ್ಲಿ ಜಂಪಣ್ಣ ತನ್ನ ಕೈಯಾರೆ ಈರಕ್ಕನಹಟ್ಟಿ ಎಂದು ಸೇರಿಸಿದ. ಇಂಗ್ಲೆಂಡಿನಲ್ಲಿ ಅಚ್ಚಾದ ತನ್ನ ಲೇಖನವನ್ನು ಇಲ್ಲಿ ಯಾರೂ ಓದಿರಲಾರರು ಎಂದೇ ಅವನ ಎಣಿಕೆ. ಯೋಜನೆಯ ಮಾದರಿಯೇ ಆ ಹಟ್ಟಿಯಲ್ಲವೇ, ಅದನ್ನು ನೋಡದೆ ಹೇಗೆ ಹೋಗುವುದು ಎಂದ. ಪಟ್ಟಿ ಓದಿದ ಮೂರ್ತಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ದಾರಿ ಚೆನ್ನಾಗಿಲ್ಲ ಎಂದ. ಜೀಪು ಇದೆಯಲ್ಲ ಎಂದ ಜಂಪಣ್ಣ. ಆ ಜನ ಈಗ ಅಲ್ಲಿಲ್ಲ, ಆಂಧ್ರದ ಕಡೆ ಹೋದರು ಎಂದು ಕೇಳಿದ್ದೇನೆ ಎಂದ ಮೂರ್ತಪ್ಪ. ಹಾಗಿದ್ದರೆ ಹಾಳುಬಿದ್ದ ಮನೆಗಳನ್ನಾದರೂ ನೋಡಿ ಬರೋಣ ಎಂದ ಜಂಪಣ್ಣ.

ಎರಡು ಜೀಪು ಹೊರಟವು. ತಹಸೀಲ್ದಾರರು, ಸಮಿತಿಯ ಗುಮಾಸ್ತ ಓಬಳೇಶಪ್ಪ, ಕುರಿಗಾರರ ಪರವಾಗಿ ಹೊಸದುರ್ಗದ ಕರಿಸಿದ್ದಪ್ಪ ಜೊತೆಗಿದ್ದರು. ಕರಿಸಿದ್ದಪ್ಪ ಐವತ್ತು ದಾಟಿದ ಮನುಷ್ಯ, ಆ ಸೀಮೆಯ ಕುರಿದಾರಿಗಳನ್ನೆಲ್ಲ ಕಾಲಿನಿಂದ ಬಲ್ಲವನು. ಪುಸ್ತಕದಲ್ಲಿ ಹೇಳಿದ ಜಾಗಕ್ಕೆ ಬಂದು ಇಳಿದಾಗ ಮಧ್ಯಾಹ್ನ. ಸುತ್ತ ಕುರುಚಲು ಗಿಡ, ನೊರಜು ಕಲ್ಲು, ದೂರದಲ್ಲಿ ಹಿನ್ನೀರಿನ ಹೊಳಪು. ಒಂದು ಗೋಡೆಯ ಗುರುತೂ ಇರಲಿಲ್ಲ.

"ಇಲ್ಲೆಲ್ಲಿ ಹಟ್ಟಿ ಸಾರ್?" ಎಂದ ಕರಿಸಿದ್ದಪ್ಪ. "ನಮ್ಮಪ್ಪನ ಕಾಲದಿಂದ ಇಲ್ಲಿ ಕುರಿ ಮೇಯಿಸ್ತೀವಿ. ಯಾವ ಹಟ್ಟಿನೂ ಇರಲಿಲ್ಲ."

ಎಲ್ಲರೂ ಮೂರ್ತಪ್ಪನ ಕಡೆ ತಿರುಗಿದರು. ಅವನು ಪಂಚೆಯ ತುದಿ ಎತ್ತಿ ಹಿಡಿದು ನಾಲ್ಕು ಹೆಜ್ಜೆ ನಡೆದ. ಇಲ್ಲೇ ಇತ್ತು, ಹಿನ್ನೀರು ಏರಿದ ವರ್ಷ ಮುಳುಗಿರಬೇಕು ಎಂದ. ಕರಿಸಿದ್ದಪ್ಪ ವಿನಯದಿಂದಲೇ ತಲೆಯಾಡಿಸಿದ. ಮಾರಿಕಣಿವೆ ಕೋಡಿ ಬಿದ್ದದ್ದು ಮೂವತ್ಮೂರರಲ್ಲಿ, ತಾನು ಹುಡುಗನಾಗಿದ್ದಾಗ. ಆಮೇಲೆ ನೀರು ಇಲ್ಲಿಯ ತನಕ ಬಂದದ್ದೇ ಇಲ್ಲ ಎಂದ.

ಜಂಪಣ್ಣ ಆಗಲೇ ಮುಗಿಸಿಬಿಡಬಹುದಿತ್ತು. ಮುಗಿಸಲಿಲ್ಲ. ಇಪ್ಪತ್ತು ವರ್ಷ ಹಸಿದವನು ಒಂದೇ ತುತ್ತಿಗೆ ಏಳುತ್ತಾನೆಯೇ? ತೀರಾ ಮರ್ಯಾದೆಯಿಂದ ಒಂದೊಂದೇ ಪ್ರಶ್ನೆ ಕೇಳಿದ. ನೀವು ತಂಗಿದ್ದ ಮನೆ ಯಾವ ದಿಕ್ಕಿಗಿತ್ತು? ಮೂಡಣಕ್ಕೆ ಎಂದ ಮೂರ್ತಪ್ಪ. ಕುಡಿಯುವ ನೀರು? ಅಗೋ ಅಲ್ಲೊಂದು ಸೇದುವ ಬಾವಿ. ಊಟಕ್ಕಿಟ್ಟ ಆ ತಾಯಿ ನೋಡಲು ಹೇಗಿದ್ದರು? ಎತ್ತರದ ಹೆಂಗಸು, ಬಿಳಿ ಕೂದಲು, ತೊಂಬತ್ತರ ವಯಸ್ಸು ಎಂದ. ಓಬಳೇಶಪ್ಪನಿಗೆ ಹೇಳಿ ಒಂದೊಂದು ಉತ್ತರವನ್ನೂ ಬರೆಸಿ, ಕೊನೆಗೆ ಮೂರ್ತಪ್ಪನ ರುಜು ಹಾಕಿಸಿದ ಜಂಪಣ್ಣ. ಅವ್ವ ಕುಳ್ಳಿ. ಸಾಯುವಾಗ ಮೂವತ್ತೂ ತುಂಬಿರಲಿಲ್ಲ. ಮೂರ್ತಪ್ಪ ರುಜು ಹಾಕುವುದನ್ನು ನೋಡುತ್ತ ನಿಂತಾಗ ಜಂಪಣ್ಣನಿಗೆ ಬಿಸಿಲಿನಲ್ಲೂ ತಂಪಾಗಿತ್ತು.

ಮರುದಿನ ಹತ್ತು ಗಂಟೆಗೆ ಸಮಿತಿಯ ಸಭೆ. ಬೆಳಗ್ಗೆ ಏಳಕ್ಕೇ ಮೂರ್ತಪ್ಪ ಒಬ್ಬನೇ ಪ್ರವಾಸಿ ಮಂದಿರಕ್ಕೆ ಬಂದ. ಕುಳಿತುಕೊಳ್ಳದೆ, ಕಂಕುಳಲ್ಲಿದ್ದ ತೆಳ್ಳನೆಯ ಕಡತವನ್ನು ಮೇಜಿನ ಮೇಲಿಟ್ಟ.

"ಏನಪ್ಪ ಜಂಪಣ್ಣ," ಎಂದ.

ಜಂಪಣ್ಣ ಕೆನ್ನೆಗೆ ಹಚ್ಚಿದ್ದ ಸೋಪಿನ ನೊರೆಯನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತ. ಕಡತದಲ್ಲಿದ್ದದ್ದು ಅರವತ್ಮೂರರ ಅವನ ಲೇಖನ. ಕೆಂಪು ಪೆನ್ಸಿಲ್ಲಿನಲ್ಲಿ ಅಲ್ಲಲ್ಲಿ ಗೆರೆ ಎಳೆದಿತ್ತು.

"ಹೊಳಲ್ಕೆರೆ ಕಡೆ ಅಂದೆಯಲ್ಲ, ಅದಕ್ಕೂ ಮೊದ್ಲೇ ಗೊತ್ತಿತ್ತು. ಹನ್ನೊಂದು ವರ್ಷದಿಂದ ಈ ಕಾಗದ ನನ್ನ ಹತ್ರ ಐತೆ. ನಾನು ಮೂರು ದಿನ ತಂಗಿದ್ದೆ ಅಂತ ಬರೆದೆ, ನೀನು ಮೂರು ವಾರ ತಂಗಿದ್ದೆ ಅಂತ ಬರೆದೀಯ. ಹಟ್ಟಿ ಇಲ್ಲ ಅಂದ್ರೆ ಇಬ್ಬರಿಗೂ ಇಲ್ಲ. ನೀನು ಸುಮ್ನಿರು, ನಾನೂ ಸುಮ್ನಿರ್ತೀನಿ."

ಅಂದರೆ ಅವನಿಗೆ ಮುಖ ನೆನಪಿತ್ತು. ಮೊದಲ ದಿನ ಪುಸ್ತಕಕ್ಕೆ ರುಜು ಹಾಕಿ ಕೊಟ್ಟದ್ದೂ, ಮರೆತವನಂತೆ ಊರು ಕೇಳಿದ್ದೂ, ತಾನು ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯದಿಂದ. ಅಪ್ಪನ ಬಗ್ಗೆ ಕೇಳಿದ ಜಂಪಣ್ಣ. ಟೈಪ್‌ರೈಟರ್ ಎಲ್ಲಿತ್ತು ಎಂದು ಕೇಳಿದ. ಅದೆಲ್ಲ ಹಳೆಯ ಮಾತು, ಪೊಲೀಸರು ಮಾಡಿದ್ದಕ್ಕೆ ನಾನೇನು ಮಾಡಲಿ ಎಂದ ಮೂರ್ತಪ್ಪ. ಹೊರಡುವಾಗ ಬಾಗಿಲಲ್ಲಿ ನಿಂತು, ನಿನಗಿನ್ನೂ ಇಪ್ಪತ್ತು ವರ್ಷದ ಕೆಲಸ ಇದೆ, ನನಗೇನು, ಮುಗಿಯುತ್ತಾ ಬಂತು, ಯೋಚಿಸು ಎಂದ.

ಜಂಪಣ್ಣ ಮೂರು ಗಂಟೆ ಯೋಚಿಸಿದ. ವಿಶ್ವವಿದ್ಯಾಲಯದ ತನ್ನ ಕೋಣೆ, ಬಾಗಿಲಿನ ಮೇಲಿನ ಹಿತ್ತಾಳೆಯ ಹೆಸರು, ಮುಂದಿನ ವರ್ಷ ಬರಬೇಕಿದ್ದ ಪುಸ್ತಕ ಕಣ್ಣ ಮುಂದೆ ಬಂದವು. ಸುಮ್ಮನಿದ್ದರೆ ಎಲ್ಲವೂ ಉಳಿಯುತ್ತದೆ. ಆದರೆ ಮೂರ್ತಪ್ಪನೂ ಉಳಿಯುತ್ತಾನೆ. ಕಟ್ಟೆಯ ಕೆಳಗೆ ಕೋಲೂರಿ ನಿಂತ ಅಪ್ಪನನ್ನು ನೆನೆದ. ಆಮೇಲೆ ಯೋಚಿಸಲು ಏನೂ ಉಳಿಯಲಿಲ್ಲ.

ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಹೇಳಿದ. ನನ್ನ ಹೆಸರು ಜಂಪಣ್ಣ, ಬಂಡೆಹಟ್ಟಿ ದೊಡ್ಡತಿಮ್ಮಪ್ಪನ ಮಗ ಎಂದು ಶುರು ಮಾಡಿದ. ಕಚ್ಚಾ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ಅಚ್ಚಾದ ಪುಸ್ತಕದ ಪುಟಪುಟಕ್ಕೂ ಹೋಲಿಸಿ ತೋರಿಸಿದ. ಕೊನೆಗೆ ಜ್ವರದಲ್ಲಿ ಬರೆದ ಪುಟಗಳನ್ನು ತೆಗೆದ. ಅಕ್ಷರಗಳು ನಡುಗಿ ಸಾಲು ಬಿಟ್ಟು ಓಡಿದ್ದವು. ಈರಕ್ಕ ನನ್ನ ಅವ್ವ, ಮೂವತ್ತೊಂಬತ್ತರಲ್ಲಿ ತೀರಿಕೊಂಡಳು, ಈ ಹಟ್ಟಿಯನ್ನು ಹುಟ್ಟಿಸಿದವನು ನಾನು, ಇದರ ಮೇಲೆ ಪದವಿ ತೆಗೆದುಕೊಂಡವನೂ ನಾನೇ ಎಂದ. ಮೂರ್ತಪ್ಪ ಎದ್ದು ಏನೋ ಹೇಳಲು ಹೋದ. ತಹಸೀಲ್ದಾರರು ಹಿಂದಿನ ದಿನ ಅವನು ರುಜು ಹಾಕಿದ್ದ ಹಾಳೆಯನ್ನು ಗಟ್ಟಿಯಾಗಿ ಓದಿಸಿದರು. ಸೇದುವ ಬಾವಿ, ಮೂಡಣದ ಮನೆ, ಎತ್ತರದ ಮುದುಕಿ. ಯಾರೋ ನಕ್ಕರು. ಆ ನಗು ಕೋಣೆಯನ್ನೆಲ್ಲ ಸುತ್ತಿ ಬರುವ ತನಕ ಜಂಪಣ್ಣ ಮೂರ್ತಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

ವರದಿ ಹೋಯಿತು. ಮೂರ್ತಪ್ಪನನ್ನು ಸಮಿತಿಯಿಂದ ತೆಗೆದರು. ಪುಸ್ತಕವನ್ನು ಕಾಲೇಜುಗಳು ಪಾಠದಿಂದ ಕೈಬಿಟ್ಟವು. ಬೀದಿಯಲ್ಲಿ ಹೋದರೆ ಹುಡುಗರು, ಸಾರ್, ಈರಕ್ಕನಹಟ್ಟಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳತೊಡಗಿದ ಮೇಲೆ ಅವನು ಮನೆ ಮಾರಿ ದಾವಣಗೆರೆಯ ಮಗಳ ಮನೆ ಸೇರಿದ. ಇಂಗ್ಲೆಂಡಿನಿಂದ ಎರಡು ಪತ್ರ ಬಂದವು. ಮೊದಲನೆಯದರಲ್ಲಿ ವಿವರಣೆ ಕೇಳಿದ್ದರು, ಎರಡನೆಯದರಲ್ಲಿ ರಾಜೀನಾಮೆ. ಜಂಪಣ್ಣ ಎರಡಕ್ಕೂ ಒಂದೇ ಹಾಳೆಯಲ್ಲಿ ಉತ್ತರ ಬರೆದ.

ಪೆಟ್ಟು ಅವರಿಬ್ಬರಿಗಷ್ಟೇ ಬೀಳಲಿಲ್ಲ. ನಂಬುವಂಥ ಅಂಕಿಯೇ ಇಲ್ಲವೆಂದು ಹೊರದೇಶದವರು ಯೋಜನೆಯನ್ನು ನಿಲ್ಲಿಸಿದರು. ಕರಿಸಿದ್ದಪ್ಪ ಹೊಸದುರ್ಗದಿಂದ ಹುಡುಕಿಕೊಂಡು ಬಂದ.

"ನೀವಿಬ್ರೂ ಓದಿದೋರು ಬಡಿದಾಡ್ಕಂಡ್ರಿ. ನಮ್ಮ ಮಗ್ಗ ಹೋಯ್ತು. ಇದು ಯಾವ ನ್ಯಾಯ ಹೇಳ್ರಿ?"

ನ್ಯಾಯವಲ್ಲ ಎಂದು ಜಂಪಣ್ಣ ಒಪ್ಪಿಕೊಂಡ. ಮಾಡಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕರಿಸಿದ್ದಪ್ಪ ಕೇಳಿದ್ದರೆ ಇಲ್ಲ ಎನ್ನುತ್ತಿದ್ದ. ಆದರೆ ಆ ಮನುಷ್ಯ ಅದನ್ನು ಕೇಳಲು ಬಂದಿರಲಿಲ್ಲ. ಮುಂದಿನ ಬೇಸಿಗೆಯಿಂದ ಜಂಪಣ್ಣ ಬಂಡೆಹಟ್ಟಿಯಲ್ಲೇ ಉಳಿದು ಹಟ್ಟಿಗಳ ಅಧ್ಯಯನವನ್ನು ಮೊದಲಿನಿಂದ ಆರಂಭಿಸಿದ. ಯಾರೂ ನೇಮಿಸಿರಲಿಲ್ಲ. ನಲವತ್ತೈದರ ಮೊಣಕಾಲು ಹಿಂದಿನಂತೆ ನಡೆಯುತ್ತಿರಲಿಲ್ಲ. ಕರಿಸಿದ್ದಪ್ಪ ಬೈಯುತ್ತಲೇ ಜೊತೆಗೆ ಬರುತ್ತಿದ್ದ.

ಎಪ್ಪತ್ತೇಳರ ಫೆಬ್ರವರಿಯಲ್ಲಿ ದಾವಣಗೆರೆಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಮೂರ್ತಪ್ಪನ ಅಕ್ಷರ ಸೊಟ್ಟಗಾಗಿತ್ತು. ಎರಡು ಸಲ ಎದೆನೋವು ಬಂದು ಹೋಗಿದೆ ಎಂದು ಬರೆದಿದ್ದ. ಪುಸ್ತಕದ ವಿಷಯಕ್ಕೆ ಕ್ಷಮೆ ಕೇಳುವುದಿಲ್ಲ, ಅದರಲ್ಲಿ ನಾವಿಬ್ಬರೂ ಸಮ ಎಂದಿದ್ದ. ಆದರೆ ಟೈಪ್‌ರೈಟರನ್ನು ಯಾರೂ ಕದ್ದಿರಲಿಲ್ಲ, ನಾನೇ ನನ್ನ ಭಾವಮೈದುನನ ಮನೆಯಲ್ಲಿ ಇರಿಸಿದ್ದೆ, ನಿಮ್ಮ ತಂದೆಯ ಮುಖ ಈಚೆಗೆ ನೆನಪಾಗುತ್ತದೆ, ಅದೊಂದನ್ನು ಮನ್ನಿಸಿದೆ ಎಂದು ಎರಡು ಸಾಲು ಬರೆದರೆ ಸಾಕು ಎಂದಿತ್ತು.

ಜಂಪಣ್ಣ ಅದನ್ನು ಹರಿಯಲು ಹೋದ. ಹೊನ್ನಕ್ಕ ತಡೆದು ಎರಡು ಸಲ ಓದಿಸಿದಳು.

"ಪುಸ್ತಕದ ಮಾತು ನಿಂದು. ಅಪ್ಪನ ಮಾತು ನಂದೂ ಹೌದು," ಎಂದಳು. "ಬರಿ. ಇಲ್ಲಿಗೆ ಬರಲಿ. ಅಪ್ಪನ್ನ ಎಬ್ಬಿಸಿದ ಜನ ಇನ್ನೂ ಅವ್ರೆ. ಅವರ ಮುಂದೆ ಬಾಯಿಬಿಟ್ಟು ಹೇಳ್ಲಿ."

ಅವಳು ಹೇಳಿದ್ದನ್ನೇ ಬರೆದ. ಬರುತ್ತಾನೆಂದು ಅವನಿಗೆ ನಂಬಿಕೆ ಇರಲಿಲ್ಲ. ಒಂದು ಸೋಮವಾರ ಮಧ್ಯಾಹ್ನ ಹೊಳಲ್ಕೆರೆಯ ಬಸ್ಸಿನಿಂದ ಮೂರ್ತಪ್ಪ ಒಬ್ಬನೇ ಇಳಿದ. ಮೈ ಅರ್ಧವಾಗಿತ್ತು. ರಸ್ತೆಯಿಂದ ಹಟ್ಟಿಗೆ ಒಂದು ಫರ್ಲಾಂಗು ನಡೆಯಲು ನಾಲ್ಕು ಕಡೆ ನಿಂತ. ಹೊನ್ನಕ್ಕ ಮನೆಮನೆಗೆ ಹೋಗಿ ಮುದುಕರನ್ನೆಲ್ಲ ಕಟ್ಟೆಗೆ ಕರೆದಳು. ಅಪ್ಪನನ್ನು ಎಬ್ಬಿಸಿದವರಲ್ಲಿ ಐದು ಜನ ಉಳಿದಿದ್ದರು. ಮೂರ್ತಪ್ಪ ಕಟ್ಟೆ ಹತ್ತಲು ಕಾಲೆತ್ತಿದಾಗ ಹೊನ್ನಕ್ಕ ಕೆಳಗೇ ನಿಲ್ಲಲು ಹೇಳಿದಳು. ನಿಂತ. ತಲೆ ತಗ್ಗಿಸಿಕೊಂಡು ಪತ್ರದಲ್ಲಿ ಬರೆದದ್ದನ್ನೇ ಹೇಳಿದ. ದನಿ ಕೇಳುವುದಿಲ್ಲ, ಇನ್ನೊಮ್ಮೆ ಹೇಳಿ ಎಂದ ಜಂಪಣ್ಣ. ಇನ್ನೊಮ್ಮೆ ಹೇಳಿದ.

ಮುದುಕರಲ್ಲಿ ಹಿರಿಯನಾದ ರಂಗಯ್ಯ ತಲೆಯ ರುಮಾಲು ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಕಟ್ಟೆಯಿಂದ ಇಳಿದು ಬಂದು, ದೊಡ್ಡತಿಮ್ಮಣ್ಣನಿಗೆ ನಾವು ತಪ್ಪು ಮಾಡಿದೆವು ಎಂದು ಹೊನ್ನಕ್ಕನ ಎದುರು ಕೈಮುಗಿದ. ಉಳಿದ ನಾಲ್ವರೂ ಇಳಿದರು. ಹೊನ್ನಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ತಮ್ಮ ಬಂದ ದಿನವೂ ಅಳದವಳು ಆಗ ಅತ್ತಳು.

ಮೂರ್ತಪ್ಪ ಜಂಪಣ್ಣನ ಕಡೆ ನೋಡಿದ. ಮನ್ನಿಸಿದೆ ಎಂಬ ಒಂದು ಮಾತಿಗೆ ಕಾಯುತ್ತಿದ್ದ. ಜಂಪಣ್ಣ ಮನೆಯೊಳಕ್ಕೆ ಹೋಗಿ ಕಿಟಕಿಯ ಬಳಿ ಕುಳಿತ. ಅಲ್ಲಿಂದ ರಸ್ತೆ ಕಾಣುತ್ತಿತ್ತು. ಮೂರ್ತಪ್ಪ ರಸ್ತೆಗೆ ನಡೆದು ಹೋಗಿ ಮೈಲಿಗಲ್ಲಿನ ಮೇಲೆ ಕೂತು, ಬಿಸಿಲಿಗೆ ಟವಲು ತಲೆಗೆ ಹಾಕಿಕೊಂಡ. ಹೊಳಲ್ಕೆರೆಗೆ ವಾಪಸು ಹೋಗುವ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಹೊನ್ನಕ್ಕ ಬಾಗಿಲಲ್ಲಿ ನಿಂತು, ಹೋಗಿ ಒಂದು ಮಾತು ಆಡಿ ಬಾ ಎಂದಳು. ಜಂಪಣ್ಣ ಕುಳಿತೇ ಇದ್ದ. ಆ ಎರಡು ಗಂಟೆಯನ್ನೂ, ಒಂದು ನಿಮಿಷ ಬಿಡದೆ, ಅವನು ಕಿಟಕಿಯಿಂದ ನೋಡಿದ. ಬಸ್ಸು ಐದೂವರೆಗೆ ಬಂತು.